ಆರು ಫ್ಯಾನು, ಒಂದು ತಗಡಿನ ಡಬ್ಬಿ

ಗಾಳಿ ನಿಂತುಹೋದ ಆ ವರ್ಷ ಮಳಗಿ ಊರಲ್ಲಿ ಆಷಾಢದ ಸೆಕೆ ಎಂದರೆ ಗೋಡೆಗಳೂ ಅಂಗಿ ಬಿಚ್ಚಿ ಕೂರಬೇಕು, ಅಂಥದ್ದು. ಶಿವಗಂಗವ್ವನ ರೇಷ್ಮೆಹುಳುವಿನ ಮನೆಯಲ್ಲಿ ಒಮ್ಮೆ ಉಸಿರೆಳೆದರೆ ಅರ್ಧ ಚೊಂಬು ನೀರು ಕುಡಿದಂತಾಗುತ್ತಿತ್ತು. ತಟ್ಟೆಗಳಲ್ಲಿ ಹುಳುಗಳು ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಕೂತಿದ್ದವು. ಮೇವು ಬಿಟ್ಟು, ತಲೆಯೆತ್ತಿ, ಹಳೆಯ ಚರ್ಮ ಕಳಚುವ ತನಕ ಮಠದ ಸ್ವಾಮಿಗಳಿಗಿಂತ ಗಂಭೀರವಾಗಿ.

ಹಿಂದಿನ ಎರಡು ಬೆಳೆ ಈ ಹಂತದ ಆಸುಪಾಸಿನಲ್ಲೇ ಗುಂಡಿ ಸೇರಿದ್ದವು. ಮೊದಲನೆಯದು ಗಾಳಿಯಿಲ್ಲದೆ ಕೊಳೆತಿತ್ತು. ಎರಡನೆಯದಕ್ಕೆ ಗಂಡ ಚನಬಸಪ್ಪ ಇಟ್ಟ ಟೇಬಲ್ ಫ್ಯಾನು ಎಂಥ ಬಿರುಗಾಳಿ ಎಬ್ಬಿಸಿತೆಂದರೆ, ಸೊಪ್ಪು ಒಣಗಿ ಹಪ್ಪಳವಾಗಿ ಹುಳುಗಳು ಊಟದ ಮುಂದೆಯೇ ಉಪವಾಸ ಸತ್ತವು. ಈ ಸಲವೂ ಹೋದರೆ ಹಿಪ್ಪುನೇರಳೆ ಕಿತ್ತು ಗೋವಿನಜೋಳ ಹಾಕುವುದೇ ಸೈ ಎಂದು ಅವನು ಹೇಳಿಬಿಟ್ಟಿದ್ದ. ಆ ಗಿಡಗಳನ್ನು ಒಂದೊಂದಾಗಿ ನೆಟ್ಟವಳು ಅವಳು.

ಅವಳ ಅಕ್ಕನ ಮಗ ರುದ್ರೇಶನಿಗೆ ಮುಂಡಗೋಡಿನಲ್ಲಿ ರೇಡಿಯೊ ರಿಪೇರಿ ಅಂಗಡಿ. ಬಂಗೂರನಗರದಲ್ಲಿ ಗುಜರಿಗೆ ಬಿದ್ದ ಕಂಪ್ಯೂಟರುಗಳಿಂದ ಅಂಗೈಯಗಲದ ಆರು ಫ್ಯಾನು ಬಿಚ್ಚಿ ತಂದ. ಹನ್ನೆರಡು ವೋಲ್ಟಿನವು. ಅವಕ್ಕೆ ಅಗ್ಗದಲ್ಲಿ ಕರೆಂಟು ಎಲ್ಲಿಂದ ಕೊಡುವುದು ಎಂಬುದೇ ತೊಡಕು.

ಮನೆಯ ಟೇಪ್‌ರೆಕಾರ್ಡರಿನ ಬ್ಯಾಟರಿ ಬದಲು ಹಚ್ಚುವ ಎಲಿಮಿನೇಟರ್ ಎರಡು ಫ್ಯಾನಿನ ಭಾರ ತಾಳಿಕೊಂಡಿತು. ಆರನ್ನೂ ಹಚ್ಚಿದಾಗ ರೊಟ್ಟಿ ಬೇಯಿಸುವಷ್ಟು ಕಾದು ವಾಸನೆ ಹೊಡೆಯಿತು. ಟ್ರ್ಯಾಕ್ಟರಿನ ಬ್ಯಾಟರಿ ಮುಟ್ಟಲು ಚನಬಸಪ್ಪ ಬಿಡಲಿಲ್ಲ. ಹುಬ್ಬಳ್ಳಿಯ ಹೊಸ ಅಡಾಪ್ಟರಿನ ಬೆಲೆ ಕೇಳಿ ಮೂವರೂ ಒಟ್ಟಿಗೆ ಕೆಮ್ಮಿದರು. ಕೊನೆಗೆ ರುದ್ರೇಶ ಅದೇ ಗುಜರಿಯಿಂದ ಕಂಪ್ಯೂಟರಿನ ಪವರ್ ಸಪ್ಲೈ ತಂದ. ತಗಡಿನ ಡಬ್ಬಿ, ಎರಡು ತೆಂಗಿನಕಾಯಿಯ ಬೆಲೆ.

ಡಬ್ಬಿಯ ಮೇಲಿನ ಅಂಕಿ ಓದಿ ಚನಬಸಪ್ಪ ಹೌಹಾರಿದ. “ಎಂಟು ಆಂಪಿಯರ್ ಐತಲ್ಲೋ. ಈ ಗುಬ್ಬಿಮರಿ ಫ್ಯಾನು ಸುಟ್ಟು ಬೂದಿ ಆಗ್ತಾವ.”

“ಕಾಕಾ, ನಿಮ್ಮ ಎಮ್ಮಿ ಕೆರಿಗೆ ಹೋದ್ರ ಇಡೀ ಕೆರಿ ಕುಡದು ಬರ್ತೈತೇನ್ರಿ?” ಎಂದ ರುದ್ರೇಶ. “ಫ್ಯಾನು ತನಗ ಬೇಕಾದಷ್ಟ ಎಳಕೋತೈತಿ. ಆಂಪಿಯರ್ ಕಡಿಮಿ ಬಿದ್ರ ತ್ರಾಸು, ಹೆಚ್ಚಿದ್ರ ಅಲ್ಲ. ವೋಲ್ಟ್ ಮಾತ್ರ ಮೀರಬಾರದು, ಇಳದ್ರ ಮೆಲ್ಲಗ ತಿರಗ್ತಾವ, ಅಷ್ಟ.”

ಹಳದಿ ತಂತಿಯಲ್ಲಿ ಹನ್ನೆರಡು ವೋಲ್ಟು, ಕೆಂಪಿನಲ್ಲಿ ಐದು, ಕರಿಯದು ಎರಡಕ್ಕೂ ಜೋಡಿ ಎಂದು ಚಿಗವ್ವ ಶಿವಗಂಗವ್ವನಿಗೂ ತೋರಿಸಿ, ಹಳದಿಗೆ ಹಚ್ಚಿಕೊಟ್ಟು ಹೋದ. ಆರೂ ಫ್ಯಾನು ಮೊರೆದ ಮೊರೆತಕ್ಕೆ ವಿಮಾನ ಇಳಿಯಿತೆಂದು ಅರ್ಧ ಊರು ಬಂದು ಇಣುಕಿತು. ಚನಬಸಪ್ಪ ಮೀಸೆ ತಿರುವುತ್ತ ಎಲ್ಲರಿಗೂ ಒಳಗಿನದನ್ನು ವರ್ಣಿಸಿದ.

ಶಿವಗಂಗವ್ವ ಮಾತ್ರ ತಟ್ಟೆಯ ಪಕ್ಕದಲ್ಲಿ ಒಂದು ಹಸಿ ಎಲೆ ಇಟ್ಟು ಎಮ್ಮೆ ಹಿಂಡಲು ಹೋದಳು. ಬರುವಷ್ಟರಲ್ಲಿ ಅದರ ಅಂಚು ಮುರುಟಿತ್ತು. ಟೇಬಲ್ ಫ್ಯಾನನ್ನೇ ಆರು ತುಂಡು ಮಾಡಿ ತೂಗುಹಾಕಿದಂತಾಯಿತು ಅನ್ನಿಸಿತು. ತಾನು ಹಡೆದಾಗ ಮಂಚದ ಕೆಳಗೆ ಕೆಂಡ ಇಟ್ಟಿದ್ದರು. ಬಂದವರೆಲ್ಲ ಇನ್ನೊಂದಿಷ್ಟು ಕೆಂಡ ಸುರಿದರೇ ಹೊರತು, ನಿನಗೆ ಎಷ್ಟು ಬೇಕವ್ವಾ ಎಂದು ಯಾರೂ ಕೇಳಿರಲಿಲ್ಲ.

ಸ್ವಿಚ್ ಆರಿಸಿ, ತಂತಿಗಳನ್ನು ಹಳದಿಯಿಂದ ಕೆಂಪಿಗೆ ಬದಲಿಸಿ, ಮತ್ತೆ ಹಾಕಿದಳು. ಎರಡು ಫ್ಯಾನು ಮೆಲ್ಲಗೆ ತಿರುಗಿದವು. ನಾಲ್ಕು ಬರೀ ನಡುಗಿ ನಿಂತವು. ಒಂದೊಂದರ ರೆಕ್ಕೆಯನ್ನೂ ಬೆರಳ ತುದಿಯಿಂದ ದೂಡಿದಳು, ಎದ್ದವು.

“ಹನ್ನೆರಡು ಇದ್ದಲ್ಲಿ ಐದ್ಯಾಕ?” ಎಂದ ಚನಬಸಪ್ಪ. ಊರೆದುರು ಮಾನ ಹೋದ ದನಿ.

“ಜ್ವರಕ್ಕ ಬಿದ್ದಾವ್ರಿಗೆ ಹೋಳಿಗಿ ಉಣಸ್ತಾರೇನ್ರಿ? ಇಷ್ಟ ಸಾಕು.”

ಮರುದಿನ ಬೆಳಿಗ್ಗೆ ಹುಳುಗಳು ಚರ್ಮ ಬಿಟ್ಟವು. ಸೊಪ್ಪು ಹರಡಿದ್ದೇ ತಡ, ಲಕ್ಷಾಂತರ ಬಾಯಿ ಒಟ್ಟಿಗೆ ಮೇಯುವ ಸದ್ದು. ದೂರದ ಉಳವಿಯಲ್ಲಿ ಜನ ಮಳೆಯೆಂದು ಕೊಡೆ ಬಿಚ್ಚಿದ್ದರೂ ಆಶ್ಚರ್ಯವಿಲ್ಲ. ಚನಬಸಪ್ಪ ಬಾಗಿಲಲ್ಲಿ ನಿಂತು ಬಹಳ ಹೊತ್ತು ಕೇಳಿಸಿಕೊಂಡ.

“ಸಂಜೀಗೆ ಸೊಪ್ಪು ಸಾಲತೈತೇನ?”

ಸಾಲುವುದಿಲ್ಲ ಎಂದಳು. ಅವನು ಕುಡುಗೋಲು ತಗೊಂಡು ಹಿಪ್ಪುನೇರಳೆ ಹೊಲದ ಕಡೆ ನಡೆದ.