ಪಂಕ್ತಿಯಲ್ಲಿ ಪರಪಂಕ್ತಿ ಬೇಡ

ಆಂಧ್ರದ ಗಡಿಯ ಕುಂದುರ್ಪಿ ಕಡೆಯ ಆ ಊರಿನಲ್ಲಿ ಮೊಬೈಲ್ ಸಿಗ್ನಲ್ ಹೊಸ ಅಳಿಯನ ಹಾಗೆ. ಬರುವುದೇ ಅಪರೂಪ, ಬಂದರೂ ಹೆಚ್ಚು ಹೊತ್ತು ಕೂರುವುದಿಲ್ಲ. ಹಾಗಾಗಿ ಕೇಬಲ್ ಟಿವಿಯ ಉಮಾಶಂಕರ್ ಊರಿಗೆಲ್ಲ ಫ್ರೀ ವೈಫೈ ಹಾಕಿಸಿದಾಗ ಜನ ಅವನನ್ನು ಹೊತ್ತು ಮೆರೆಸುವುದೊಂದು ಬಾಕಿ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತಾರಲ್ಲ, ಹಾಗಾಯಿತು.

ಆ ಊರಿನ ಓಬಕ್ಕ ಒಳ್ಳೆಯ ಸೋಬಾನೆ ಹಾಡುಗಾರ್ತಿ. ಮಹಿಳಾ ಸಂಘದ ಹೆಂಗಸರನ್ನು ಕಟ್ಟಿಕೊಂಡು ಸುತ್ತಲಿನ ಊರುಗಳ ಮದುವೆಗೆ ಹೋಗಿ ಹಾಡುತ್ತಾಳೆ. ಆದರೆ ಕಲ್ಯಾಣದುರ್ಗದಂಥ ಪೇಟೆಯಿಂದ ಕರೆ ಬಂದದ್ದು ಇದೇ ಮೊದಲು. ಬನಶಂಕರಮ್ಮ ಎಂಬ ಹಿರಿಯರು ಫೋನ್ ಮಾಡಿದ್ದರು.

"ಮೊಮ್ಮಗಳ ಮದ್ವೆ ಕಣಮ್ಮ. ನಮ್ ಹುಡುಗ್ರು ಡಿಜೆ ಬೇಕು ಅಂತ ಕುಂತವ್ರೆ. ನಿಮ್ದೊಂದು ಹಾಡು ನೆಟ್ಟಿಗೆ ಹಾಕು. ಸಂಜೆ ಒಳಗೆ ಎಲ್ರಿಗೂ ತೋರಿಸಿ ಬಾಯಿ ಮುಚ್ಚಿಸ್ತೀನಿ."

ಡಿಜೆ ಮುಂದೆ ಸೋಲುವುದೆಂದರೆ ಓಬಕ್ಕನಿಗೆ ಪ್ರಾಣ ಹೋದಷ್ಟು ಸಂಕಟ. ಬೆಳಿಗ್ಗೆಯೇ ಹೆಂಗಸರನ್ನೆಲ್ಲ ಕೂರಿಸಿ ಹಾಡಿಸಿ, ವಿಡಿಯೊ ತೆಗೆದು ನೆಟ್ಟಿಗೆ ಹಾಕಲು ಹೊರಟಳು. ಪರದೆಯ ಮೇಲೆ ಒಂದು ಉಂಗುರ ಗಿರಗಿರ ಸುತ್ತತೊಡಗಿತು. ಊಟದ ಹೊತ್ತಾದರೂ ಸುತ್ತುತ್ತಲೇ ಇತ್ತು.

"ಯಾರ್ದೋ ಕಣ್ಣು ಬಿದ್ಬುಟ್ಟೈತೆ," ಎಂದವಳೇ ಓಬಕ್ಕ ಉಪ್ಪು, ಒಣಮೆಣಸಿನಕಾಯಿ ತಂದು ಫೋನಿಗೆ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಮನೆಯವರೆಲ್ಲ ಕೆಮ್ಮಿದರು.

ಗಂಡ ನರಸಪ್ಪ ಹಾಸಿಗೆಯ ಮೇಲೆ ಮಲಗಿ ಫೋನಿನಲ್ಲಿ ತೆಲುಗು ಸಿನಿಮಾ ನೋಡುತ್ತಿದ್ದ. "ಘಾಟು ಬಂತು ಅಂದ್ರೆ ದೃಷ್ಟಿ ಆಗಿಲ್ಲ ಅಂತ ಅರ್ಥ. ಸುಮ್ನೆ ಮೆಣಸಿನಕಾಯಿ ದಂಡ," ಎಂದು ಕೆಮ್ಮುತ್ತಲೇ ನಕ್ಕ.

ಘಾಟು ಪಕ್ಕದ ಮನೆಗೂ ಹೋಯಿತು. ಅಲ್ಲಿಂದ ಸ್ನೇಹಲತಾ ಮೂಗಿಗೆ ಸೆರಗು ಹಿಡಿದು ಬಂದಳು. ಅವಳು ಊರಿನ ಸರ್ಕಾರಿ ಕಚೇರಿಯಾದ ಗ್ರಾಮ ಸಚಿವಾಲಯದಲ್ಲಿ ಕಂಪ್ಯೂಟರ್ ಕೆಲಸ ನೋಡುವವಳು. ಸಂಗತಿ ಕೇಳಿ ಮೊದಲು ಓಬಕ್ಕನ ಫೋನ್ ನೋಡಿದಳು, ಆಮೇಲೆ ನರಸಪ್ಪನ ಫೋನ್ ಇಣುಕಿದಳು.

"ಅತ್ತೆ, ಎರಡಕ್ಕೂ ಇರೋದು ಅದೇ ವೈಫೈ. ಮಾವನ ಸಿನಿಮಾ ಒಂಚೂರೂ ನಿಲ್ತಿಲ್ಲ. ನಿಮ್ಮ ಹಾಡು ಮಾತ್ರ ಹೋಗ್ತಿಲ್ಲ, ಯಾಕೆ?"

ಅವಳು ಒಂದೊಂದನ್ನೇ ತೆಗೆದು ನೋಡಿದಳು. ಮಕ್ಕಳ ಕನ್ನಡ ಪಾಠ ತೆರೆಯಲಿಲ್ಲ. ಪೇಪರ್ ತೆರೆಯಲಿಲ್ಲ. ಕಡ್ಲೆಕಾಯಿ ರೇಟೂ ಕಾಣಲಿಲ್ಲ. ಆ ಒಂದು ಸಿನಿಮಾ ಆ್ಯಪ್ ಮಾತ್ರ ಕುದುರೆಯ ಹಾಗೆ ಓಡಿತು.

"ಲೈನು ಕೆಟ್ಟಿದ್ರೆ ಎಲ್ಲಾ ನಿಧಾನ ಆಗ್ಬೇಕಿತ್ತು. ಉಮಾಶಂಕರಣ್ಣ ಆ ಸಿನಿಮಾ ಕಂಪನಿ ಜೊತೆ ಮಾತಾಡ್ಕೊಂಡವ್ನೆ ಅನ್ಸುತ್ತೆ. ಅವ್ರಿಗೆ ದಾರಿ ಬಿಟ್ಟು, ಮಿಕ್ಕಿದ್ದನ್ನೆಲ್ಲ ತಡೆ ಹಿಡಿದವ್ನೆ."

ನರಸಪ್ಪನಿಗೆ ಇದು ಹಿಡಿಸಲಿಲ್ಲ. "ಬಿಡಮ್ಮ, ಫ್ರೀ ಕೊಟ್ಟವ್ನೆ ಪಾಪ. ದಾನ ಕೊಟ್ಟ ಎಮ್ಮೆ ಹಲ್ಲು ಹಿಡಿದು ನೋಡ್ತಾರಾ?"

"ಮಾವ, ಎಮ್ಮೆ ಫ್ರೀ ಕೊಟ್ಟು, ಹಾಲು ಮಾತ್ರ ನಾನು ಹೇಳಿದೋರಿಗೇ ಹಾಕ್ಬೇಕು ಅಂದ್ರೆ ಒಪ್ತೀರಾ? ನೆಟ್ ಕೊಡೋನು ದಾರಿ ಕೊಡ್ಬೇಕು ಅಷ್ಟೇ. ಯಾರು ಓಡಾಡ್ಬೇಕು, ಯಾರು ನಿಲ್ಬೇಕು ಅಂತ ಅವ್ನು ಹೇಳಂಗಿಲ್ಲ. ನಮ್ ದೇಶದಲ್ಲಿ ಅದಕ್ಕೆ ರೂಲ್ಸೇ ಐತೆ. ಒಂದಕ್ಕೆ ಜೋರು, ಒಂದಕ್ಕೆ ನಿಧಾನ ಮಾಡಂಗಿಲ್ಲ."

ಓಬಕ್ಕ ಸೆರಗು ಸಿಕ್ಕಿಸಿ ಎದ್ದಳು.

"ಇದು ಪಂಕ್ತೀಲಿ ಪರಪಂಕ್ತಿ ಅಲ್ವೇನೇ? ಒಂದೇ ಸಾಲಲ್ಲಿ ಕೂರ್ಸಿ ಒಬ್ರಿಗೆ ಹೋಳಿಗೆ, ಒಬ್ರಿಗೆ ಬರೀ ಮಜ್ಜಿಗೆ. ನಡೀರಿ, ನಾನು ಕೇಳ್ತೀನಿ."

ಹೆಂಗಸರ ದಂಡು ಅಂಗಡಿ ಮುಂದೆ ನಿಂತಾಗ ಉಮಾಶಂಕರ್ ಗಾಬರಿಯಾದ. ವಿಷಯ ತಿಳಿದ ಮೇಲೆ ತಲೆ ಕೆರೆದುಕೊಂಡ.

"ನೇನೇಮಿ ಚೇಸೇದಿ ಅಕ್ಕಾ, ನಾನೇನು ಮಾಡ್ಲಿ? ಲೈನಿಗೆ ದುಡ್ಡು ಆ ಕಂಪನಿಯೋರೇ ಕೊಡೋದು. ಅದಕ್ಕೇ ಊರಿಗೆ ಫ್ರೀ ಕೊಡಕ್ಕಾಯ್ತು. ಅವ್ರನ್ನ ಬಿಟ್ರೆ ಫ್ರೀ ಹೋಯ್ತದೆ."

ಅವನ ಮಾತಿನಲ್ಲೂ ನಿಜವಿತ್ತು, ಲೈನ್ ಯಾರಿಗೂ ಬಿಟ್ಟಿ ಬರುವುದಿಲ್ಲ. ಸ್ನೇಹಲತಾ ಅಂದಳು, "ದಿನಾ ಸ್ವಲ್ಪ ಹೊತ್ತು ಫ್ರೀ ಕೊಡಣ್ಣ, ಆಮೇಲೆ ರೇಟ್ ಹಾಕು. ಎರಡರಲ್ಲೂ ಎಲ್ಲಾ ಒಂದೇ ಥರ ತೆರೀಬೇಕು, ಅಷ್ಟೇ."

ಉಮಾಶಂಕರ್ ಕೇಬಲ್ ಸುತ್ತಿಡಲು ಆ ಕಡೆ ತಿರುಗಿದ. ಆಗ ಓಬಕ್ಕ, "ಸೋಮವಾರ ಈಶ್ವರನ ಗುಡೀಲಿ ಬಡಿಸೋನು ನೀನೇ ಅಲ್ವೇನಪ್ಪ?" ಎಂದು ಕೇಳಿ, ಉತ್ತರಕ್ಕೂ ಕಾಯದೆ, ಮದುವೆಯಲ್ಲಿ ಬೀಗರನ್ನು ಹಂಗಿಸುವ ಧಾಟಿಯಲ್ಲಿ ಹಾಡು ಎತ್ತಿಯೇ ಬಿಟ್ಟಳು.

ಕಂಪನಿ ಎಲೆಗೆ ಕಾಯಿ ಹೋಳ್ಗೆ ತುಪ್ಪ
ನಮ್ಮೂರ ಎಲೆಗೆ ನೀರು ಮಜ್ಜಿಗೆ
ಬಡಿಸೋನ ಕೈಯ ಬುದ್ಧಿ ನೋಡಿರೇ, ಸೋ ಎನ್ನಿರೇ

ಹೆಂಗಸರೆಲ್ಲ "ಸೋ" ಎಂದರು. ಬೀದಿಯೇ ಸೇರಿತು. ಉಮಾಶಂಕರನ ಹೆಂಡತಿ ಚಂದ್ರಕಲಾ ಬಾಗಿಲಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ನಕ್ಕಳು. ಅಲ್ಲಿಗೆ ಅವನ ಹಟ ಮುಗಿಯಿತು.

"ಸಾಕು ನಿಲ್ಸಕ್ಕಾ, ಗುಡೀಲಿ ಸೌಟು ಹಿಡಿಯೋ ಮುಖ ಇರಲ್ಲ ನಂಗೆ," ಎಂದು ಒಳಗೆ ಹೋಗಿ ಏನೇನೋ ಒತ್ತಿದ. ಎಲ್ಲರ ಫೋನಿನಲ್ಲೂ ಉಂಗುರ ನಿಂತು, ಎಲ್ಲವೂ ತೆರೆಯತೊಡಗಿತು.

ಓಬಕ್ಕನ ಗಡಿಬಿಡಿಯಲ್ಲಿ ಒಂದು ತಪ್ಪಾಯಿತು. ಬೆಳಗಿನ ಹಾಡಿನ ಬದಲು, ಸ್ನೇಹಲತಾ ಅದೇ ಫೋನಿನಲ್ಲಿ ಅಂಗಡಿ ಮುಂದೆ ವಿಡಿಯೊ ತೆಗೆದಿದ್ದ ಹಂಗಿಸುವ ಹಾಡೇ ನೆಟ್ಟಿಗೆ ಹೋಯಿತು. ತಿಳಿದಾಗ ಅವಳು ತಲೆ ಮೇಲೆ ಕೈ ಹೊತ್ತು ಕುಳಿತಳು. ಹೊತ್ತು ಮುಳುಗುವ ಮುಂಚೆ ಬನಶಂಕರಮ್ಮನ ಫೋನ್ ಬಂತು.

"ನಮ್ ಬೀಗರೂ ಕಂಪನಿಯೋರೇ ಕಣಮ್ಮ. ಅವ್ರು ಊಟಕ್ಕೆ ಕುಂತಾಗ ಇದನ್ನೇ ಹಾಡ್ಬೇಕು. ಡಿಜೆ ಬೇಡ ಅಂತ ಹುಡುಗ್ರೇ ಹೇಳ್ಬುಟ್ರು."

ಈಗ ಆ ಊರಿನ ವೈಫೈ ದಿನಕ್ಕೆ ಅರ್ಧ ಗಂಟೆ ಮಾತ್ರ ಫ್ರೀ. ನರಸಪ್ಪನಿಗೆ ಸಿನಿಮಾ ಅರ್ಧಕ್ಕೆ ನಿಂತರೆ ಇವತ್ತಿಗೂ ಗೊಣಗಾಟ. ಆದರೆ ಆ ಅರ್ಧ ಗಂಟೆಯಲ್ಲಿ ಅವನು ಮೊದಲು ಹಾಕುವುದು ಹೆಂಡತಿಯ ಹಾಡನ್ನು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಯಾರಾದರೂ ಫ್ರೀ ನೆಟ್ ತಂದರೆ ಸಂತೋಷವಾಗಿ ತಗೊಳ್ಳಿ. ತಗೊಳ್ಳುವ ಮುಂಚೆ ತಂದವರನ್ನು ಒಂದು ಮಾತು ಕೇಳಿ: ಇದರಲ್ಲಿ ಎಲ್ಲವೂ ತೆರೆಯುತ್ತದೋ, ನೀವು ಹೇಳಿದ್ದು ಮಾತ್ರವೋ? ಉತ್ತರ ಸರಿಯಿಲ್ಲದಿದ್ದರೆ ನಾಲ್ಕು ಜನ ಸೇರಿ ಹೋಗಿ ಕೇಳಿ. ಆಗಲೂ ಕೇಳದಿದ್ದರೆ ದೂರಸಂಪರ್ಕ ಇಲಾಖೆಗೆ ದೂರು ಕೊಡಿ. ನಿಮ್ಮ ಎಲೆಗೆ ಏನು ಬೇಕೆಂದು ಹೇಳಬೇಕಾದವರು ನೀವು, ಸೌಟು ಹಿಡಿದವನಲ್ಲ.