ಒಡೆಯದ ಗಾರೆಪಟ್ಟಿ

ಇಂಜಿನಿಯರ್ ಫುಆದ್ ಸೆಪ್ಟೆಂಬರಿನಲ್ಲಿ ಬಂದು, ಮೆಟ್ಟಿಲ ತಿರುವಿನ ಬಿರುಕಿನ ಮೇಲೆ ಗೇಣುದ್ದದ ಗಾರೆಪಟ್ಟಿಯೊಂದನ್ನು ಅಡ್ಡಲಾಗಿ ಮೆತ್ತಿ, ಅದು ಹಸಿಯಿರುವಾಗಲೇ ಮೊಳೆಯ ತುದಿಯಿಂದ ತಾರೀಕು ಗೀರಿ ಹೋಗಿದ್ದ. ಪಟ್ಟಿ ಯಾಕೆ, ಏನು ಎಂದು ಅವನು ಹೇಳಲಿಲ್ಲ, ನಫೀಸಾ ಕೇಳಲೂ ಇಲ್ಲ. ಅಲ್ಜಿಯರ್ಸಿನ ಹಳೇಪೇಟೆ ಕಸ್ಬಾದ ಓಣಿಗಳಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನೆಲ್ಲ ಯಾರಾದರೂ ಹೇಳಿಕೊಡಬೇಕೇ? ಪಟ್ಟಿ ಹಾಗೇ ಇದ್ದರೆ ಗೋಡೆ ನಿಂತಿದೆ, ಸೀಳಿದರೆ ಗೋಡೆ ನಡೆಯುತ್ತಿದೆ. ನಿಂತ ಮನೆಗೆ ಕಿತ್ತಳೆ ಗುರುತು, ಜೊತೆಗೆ ದುರಸ್ತಿ ನಿಧಿಯ ಹಣ. ನಡೆಯುವ ಮನೆಗೆ ಕೆಂಪು ಗುರುತು. ಕೆಂಪು ಬಿತ್ತೆಂದರೆ ಜನರನ್ನು ಲಾರಿ ಹತ್ತಿಸಿ ಊರಾಚೆಯ ಹೊಸ ಕಟ್ಟಡಗಳಿಗೆ ಸಾಗಿಸಿ, ಹಳೇ ಬಾಗಿಲಿಗೆ ಇಟ್ಟಿಗೆ ಕಟ್ಟಿಬಿಡುತ್ತಾರೆ. ಓಣಿಯ ತುಂಬ ಇದೇ ಮಾತು.

ನಫೀಸಾಗೆ ಕಿತ್ತಳೆಯೇ ಬೇಕಿತ್ತು. ಅರವತ್ತೊಂದರ ಹೆಂಗಸು, ಮದುವಣಗಿತ್ತಿಯರ ಮಖಮಲ್ ಅಂಗಿಗಳಿಗೆ ಜರಿ ಕಸೂತಿ ಹಾಕುತ್ತ ಬದುಕಿದವಳು. ಮಾಳಿಗೆಯ ಮೇಲಿನ ಕೋಣೆಯೇ ಅವಳ ಕೆಲಸದ ಜಾಗ. ಕಿಟಕಿ ತೆರೆದರೆ ಬಂದರು, ಮುಚ್ಚಿದರೆ ಮಗ್ಗುಲಲ್ಲೇ ಅಮ್ಮನ ಪೆಟಾರಿ. ಮನೆ ಅವಳೊಬ್ಬಳದಲ್ಲ, ಏಳು ಜನ ಹಕ್ಕುದಾರರು. ಏಳೂ ಜನ ರುಜು ಹಾಕದೆ ನಿಧಿ ಒಂದು ಹಿಡಿ ಸುಣ್ಣವನ್ನೂ ಕೊಡುವುದಿಲ್ಲ. ಅದಕ್ಕಾಗಿ ಮೂರು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದ್ದಳು. ಬ್ಲಿದಾದ ತಂಗಿ ಯಾವುದೋ ಕಾಲದ ತಾಮ್ರದ ಹರಿವಾಣದ ನೆಪ ತೆಗೆದು ಮುಖ ತಿರುಗಿಸಿದ್ದಳು. ಓರಾನಿನ ಅಣ್ಣನ ಮಗ ಎರಡು ದಿನ ಬಾಗಿಲಲ್ಲೇ ಕಾಯಿಸಿದ್ದ. ಎಲ್ಲರ ಕೈಕಾಲು ಹಿಡಿದು ಕೊನೆಗೂ ಏಳು ರುಜು ಒಂದೇ ಹಾಳೆಯ ಮೇಲೆ ಬರುವಂತೆ ಮಾಡಿದ್ದಳು.

ಎಡಬದಿಯ ಮನೆಗೆ ಈ ಭಾಗ್ಯ ಇರಲಿಲ್ಲ. ಹನ್ನೊಂದು ವರ್ಷದಿಂದ ಅದು ಪಾಳು. ಒಡೆಯ ಸಮುದ್ರದಾಚೆ ಎಲ್ಲಿದ್ದಾನೋ, ಬದುಕಿದ್ದಾನೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ರುಜು ಹಾಕುವವನಿಲ್ಲದ ಮನೆ ಸರ್ಕಾರದ ಲೆಕ್ಕದಲ್ಲಿ ಮನೆಯೇ ಅಲ್ಲ. ಅದರ ಮಾಳಿಗೆ ಕುಸಿದಿತ್ತು, ನಡುಅಂಗಳದಲ್ಲಿ ಅಂಜೂರದ ಮರವೊಂದು ಎದ್ದಿತ್ತು. ಬಿದ್ದ ಮಳೆಯೆಲ್ಲ ಒಳಗೇ ಇಂಗಿ, ಎರಡೂ ಮನೆಗಳು ಹಂಚಿಕೊಂಡಿದ್ದ ಒಂದೇ ಗೋಡೆಯನ್ನು ವರ್ಷವಿಡೀ ನೆನೆಸುತ್ತಿತ್ತು.

ಫುಆದನ ಪಟ್ಟಿ ಕೂತಿದ್ದೂ ಆ ಗೋಡೆಯ ಮೇಲೇ, ಅದರ ಬುಡಕ್ಕೇ ಇದ್ದದ್ದು ತಸ್ಸಾದಿತಳ ಕೋಣೆ. ಗಂಡ ಅರೆಜ್ಕಿ, ಮೂರು ಮಕ್ಕಳು, ಅವಳು, ಎಲ್ಲರೂ ಕೆಳಗಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು. ಬೆಟ್ಟದ ಕಡೆಯವಳು, ಬಾಯಿ ಜೋರು, ನಗು ಇನ್ನೂ ಜೋರು.

"ಏನ್ ಖಾಲ್ತಿ, ದಿನಾ ಬೆಳಿಗ್ಗೆ ಆ ಪಟ್ಟಿಗೆ ಸಲಾಂ ಹೇಳಿ ಬರ್ತೀಯಲ್ಲ, ತಿರುಗಿ ಮಾತಾಡ್ತದಾ ಅದು?" ಎಂದು ಅಂಗಳದಲ್ಲಿ ಬಟ್ಟೆ ಹಿಂಡುತ್ತ ನಫೀಸಾಳನ್ನು ಕೆಣಕುತ್ತಿದ್ದಳು. ಚಿಕ್ಕಮ್ಮ ಎನ್ನುವುದಕ್ಕೆ ಅವಳ ಬಾಯಲ್ಲಿ ಖಾಲ್ತಿ.

"ನಿನಗೇನಮ್ಮ! ಲಿಫ್ಟ್ ಇರೋ ಮನೆ ಕನಸು ಕಾಣ್ಕೊಂಡು ಕೂತಿದೀಯ."

"ಕಾಣ್ತೀನಿ ಮತ್ತೆ! ಚಳೀಲಿ ಕಕ್ಕಸಿಗೆ ಅಂಗಳ ದಾಟೋದು ತಪ್ಪತ್ತೆ. ಮಕ್ಕಳಿಗೆ ಒಂದು ಬೇರೆ ಕೋಣೆ ಸಿಕ್ಕತ್ತೆ. ನೀನೇನು ರಾಣಿ, ಮಾಳಿಗೆ ಮೇಲಿದೀಯ."

ನಗೆಯ ಮಾತೇ. ಆದರೆ ನಫೀಸಾಳ ಮನಸ್ಸಿನಲ್ಲಿ ಅದು ಮುಳ್ಳಿನಂತೆ ಉಳಿಯಿತು. ಕೆಂಪು ಬಿದ್ದರೆ ಬಾಡಿಗೆಯವರಿಗೂ ಒಂದೊಂದು ಹೊಸ ಮನೆ. ಕೆಳಗಿನ ಓಣಿಯಲ್ಲಿ ಒಂದು ಮನೆಯ ಹೆಂಗಸರೆಲ್ಲ ಸೇರಿ ಕುಟ್ಟಾಣಿಯಿಂದ ಪಟ್ಟಿ ಒಡೆದು, ಹದಿನೈದೇ ದಿನಕ್ಕೆ ಲಾರಿ ಹತ್ತಿದ ಕಥೆ ಎಲ್ಲರಿಗೂ ಬಾಯಿಪಾಠ. ತಸ್ಸಾದಿತಳ ಅಡುಗೆಮೂಲೆಯಲ್ಲೂ ಹಿತ್ತಾಳೆಯ ಕುಟ್ಟಾಣಿ ಇತ್ತು.

ಅಕ್ಟೋಬರ್ ಹನ್ನೊಂದಕ್ಕೆ ಪಟ್ಟಿ ಸೀಳಿತು. ನಡುವೆ ಕೂದಲೆಳೆಯಷ್ಟು ಗೀರು. ಕೆಳಗಡೆ ತಸ್ಸಾದಿತ್ ಹಾಡು ಹೇಳಿಕೊಳ್ಳುತ್ತ ಮೆಣಸು ಕುಟ್ಟುತ್ತಿದ್ದಳು. ಕುಟ್ಟು ಕುಟ್ಟು, ನಿನ್ನ ಕೈ ಸೇದಿಹೋಗಲಿ ಎಂದು ಹಲ್ಲು ಕಚ್ಚಿದಳು ನಫೀಸಾ. ಜಗಳ ತೆಗೆಯುವಂತಿರಲಿಲ್ಲ. ತೆಗೆದರೆ ಅವಳು ನೇರ ಕಚೇರಿಗೆ ಹೋಗಿ 'ಪಟ್ಟಿ ಒಡೆದಿದೆ' ಎನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು, ಕೆಳಪೇಟೆಯಿಂದ ಗಾರೆಪುಡಿ ತಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬಚ್ಚಿಟ್ಟಳು. ಕಾಫಿ ಬಟ್ಟಲಲ್ಲಿ ಕಲಸಿ, ಬೆಣ್ಣೆಚಾಕುವಿನಿಂದ ಹಚ್ಚಿ, ಕಸೂತಿ ಸೂಜಿಯಿಂದ ಫುಆದನ ಹಳೇ ತಾರೀಕನ್ನೇ ಅವನ ಸೊಟ್ಟ ಅಕ್ಷರದಲ್ಲಿ ಗೀರಿದಳು. ನಲವತ್ತು ವರ್ಷ ನಕಾಶೆ ನೋಡಿ ಜರಿ ಎಳೆದ ಕೈ. ಗುರುತೇ ಸಿಗಲಿಲ್ಲ.

ನವೆಂಬರಿನಲ್ಲಿ ಮತ್ತೆ ಸೀಳಿತು, ಮತ್ತೆ ಮೆತ್ತಿದಳು. ಡಿಸೆಂಬರಿನಲ್ಲೂ ಅದೇ ಕಥೆ. ಪ್ರತಿ ಸಲವೂ ತಸ್ಸಾದಿತಳ ಮೇಲಿನ ಸಿಟ್ಟು ಒಂದು ಪಾವು ಹೆಚ್ಚುತ್ತಿತ್ತು. ಸಲಾಂ ನಿಂತಿತು. ಶುಕ್ರವಾರದ ಕುಸ್ಕುಸ್ ಅಡುಗೆ ಕೊಡುವುದು ನಿಂತಿತು.

"ಖಾಲ್ತಿಗೆ ನನ್ನ ಮೇಲೆ ಏನೋ ಬೇಜಾರು," ಎಂದು ತಸ್ಸಾದಿತ್ ಗಂಡನ ಹತ್ತಿರ ಹೇಳುವುದು ಮೇಲಿನವರೆಗೂ ಕೇಳಿಸಿತು. "ಏನ್ ತಪ್ಪು ಮಾಡಿದೆ ಅಂತ ಬಾಯಿಬಿಟ್ಟು ಹೇಳಬಾರ್ದಾ?"

ನಾಟಕ ನೋಡು, ಎಂದುಕೊಂಡಳು ನಫೀಸಾ.

ಜನವರಿಯಲ್ಲಿ ಫುಆದ್ ಬಂದ. ಪಟ್ಟಿಯ ಮೇಲೆ ಉಗುರಾಡಿಸಿ, ದೀಪ ಹಿಡಿದು ನೋಡಿದ. ಓಣಿಯ ಹಿರಿಯ ಹೆಂಗಸರನ್ನೆಲ್ಲ ಅವನು ಹಾಜ್ಜಾ ಎಂದೇ ಕರೆಯುತ್ತಿದ್ದ.

"ನಿಮ್ಮ ಗೋಡೆ ಗಟ್ಟಿ ಇದೆ ಹಾಜ್ಜಾ. ಈ ಓಣೀಲಿ ಹೀಗಿರೋದು ಇದೊಂದೇ," ಎಂದ.

ಫೆಬ್ರುವರಿಯ ಒಂದು ಬುಧವಾರ ಕಾಗದ ಬಂತು. ಕಿತ್ತಳೆ. ನಿಧಿ ಮಂಜೂರಾಗಿದೆ, ರಂಜಾನ್ ಮುಗಿದ ಮೇಲೆ ಕೆಲಸ ಶುರು. ನಫೀಸಾ ಕಾಗದವನ್ನು ಅಮ್ಮನ ಪೆಟಾರಿಯಲ್ಲಿಟ್ಟು, ಅದರ ಮೇಲೇ ಕೂತು ಮನದಣಿಯೆ ಅತ್ತಳು. ಇನ್ನು ಎರಡೇ ತಿಂಗಳು.

ಅದೇ ದಿನ ತಸ್ಸಾದಿತಳ ಮಾವ ತೀರಿಕೊಂಡನೆಂದು ಸುದ್ದಿ ಬಂದು, ಸಂಸಾರವೆಲ್ಲ ಕೋಣೆಗೆ ಬೀಗ ಹಾಕಿ ಬೆಟ್ಟದೂರಿಗೆ ಹೊರಟುಹೋಯಿತು. ಸದ್ಯ, ನಾಲ್ಕು ದಿನ ನೆಮ್ಮದಿ ಎಂದು ನಫೀಸಾ ಬೀದಿಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡಳು. ಗುರುವಾರವಿಡೀ ಮಳೆ, ಶುಕ್ರವಾರವೂ ಮಳೆ.

ಶನಿವಾರ ಬೆಳಿಗ್ಗೆ ಪಟ್ಟಿ ಎರಡು ತುಂಡಾಗಿತ್ತು.

ಅವಳು ಮೆಟ್ಟಿಲ ಮೇಲೇ ಕೂತುಬಿಟ್ಟಳು. ಕೆಳಗಿನ ಬೀಗ ಬೀಗವೇ, ಅಗುಳಿ ಅಗುಳಿಯೇ. ಬೆಕ್ಕಿರಬಹುದು ಎಂದುಕೊಂಡಳು. ಯಾವ ಬೆಕ್ಕು ಗಾರೆ ಒಡೆಯುತ್ತದೆ? ಸೀಳಿನೊಳಗೆ ಬೆರಳಿಟ್ಟಳು, ಕಿರುಬೆರಳು ಒಳಗೇ ಹೋಯಿತು. ಕಿವಿಗೊಟ್ಟರೆ ಗೋಡೆಯ ಹೊಟ್ಟೆಯಲ್ಲಿ ಮರಳು ಜಾರುವ ಸದ್ದು, ಸಣ್ಣಗೆ, ನಿಲ್ಲದೆ. ತಸ್ಸಾದಿತ್ ಒಂದು ಸಲವೂ ಒಡೆದಿರಲಿಲ್ಲ. ಅಕ್ಟೋಬರಿನಿಂದ ಗೋಡೆಯೇ ನಡೆಯುತ್ತಿತ್ತು.

ಇಷ್ಟು ತಿಳಿದ ಮೇಲೂ ಅವಳು ಡಬ್ಬಿ ತೆಗೆದಳು. ಎರಡೇ ತಿಂಗಳು ಎಂದು ಮನಸ್ಸು ಬಡಬಡಿಸುತ್ತಿತ್ತು. ಎರಡು ತಿಂಗಳು ನಿಲ್ಲು ತಾಯಿ, ಆಮೇಲೆ ನಿನಗೆ ಕಬ್ಬಿಣ, ಸುಣ್ಣ, ಬೇಕಾದ್ದೆಲ್ಲ ಹಾಕಿಸುತ್ತಾರೆ ಎಂದು ಗೋಡೆಯನ್ನೇ ಬೇಡಿಕೊಳ್ಳುತ್ತ ಮೆತ್ತಿದಳು. ತಾರೀಕೂ ಗೀರಿದಳು. ಸಂಜೆಯ ಬಾಂಗ್ ಕೂಗುವಷ್ಟರಲ್ಲಿ ಅದೂ ಸೀಳಿತು.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತಸ್ಸಾದಿತಳ ಸಂಸಾರ ಎಣ್ಣೆಯ ಡಬ್ಬ, ಒಣ ಅಂಜೂರದ ಚೀಲ ಹೊತ್ತು ನಿಂತಿತ್ತು. ನಫೀಸಾ ಒಂದೇ ಕದ ತೆರೆದು, ಅಡ್ಡಲಾಗಿ ಕೈ ಚಾಚಿ ನಿಂತಳು.

"ಒಳಗೆ ಬರಬೇಡಿ."

"ಅಯ್ಯೋ, ಇದೇನ್ ಖಾಲ್ತಿ?" ತಸ್ಸಾದಿತ್ ಮೊದಲು ನಕ್ಕಳು. ಆಮೇಲೆ ಮುಖ ನೋಡಿ ನಗು ಇಂಗಿತು. "ಓಹೋ! ಕಾಗದ ಬಂತಲ್ಲ, ದುಡ್ಡು ಬರತ್ತಲ್ಲ. ಇನ್ನು ಬಾಡಿಗೆಯವ್ರು ಯಾಕೆ ಬೇಕು? ಸಾವಿನ ಮನೆಯಿಂದ ಬಂದವ್ರನ್ನ ಬೀದೀಲಿ ನಿಲ್ಲಿಸ್ತೀಯ, ನಾಚಿಕೆ ಆಗಲ್ವಾ ನಿನಗೆ?"

ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಅರೆಜ್ಕಿ ಚೀಲ ಕೆಳಗಿಟ್ಟು ಮುಂದೆ ಬಂದ. "ದಾರಿ ಬಿಡು ಖಾಲ್ತಿ, ಮಕ್ಕಳು ನೆಂದಿದಾರೆ."

"ಗೋಡೆ ಬೀಳ್ತಾ ಇದೆ," ಎಂದಳು ನಫೀಸಾ. ಅವಳ ದನಿ ಅವಳಿಗೇ ಕೇಳಲಿಲ್ಲ. ಇನ್ನೊಂದು ಸಲ ಕೂಗಿ ಹೇಳಿದಳು. "ಗೋಡೆ ಬೀಳ್ತಾ ಇದೆ!"

"ಪಟ್ಟಿ ಸರಿಯಾಗೇ ಇದೆಯಲ್ಲ? ನಾನೇ ದಿನಾ ನೋಡ್ತೀನಿ," ಎಂದಳು ತಸ್ಸಾದಿತ್.

"ಅದು ನಾನು ಮೆತ್ತಿದ್ದು. ನೀನು ಒಡೀತಿದೀಯ ಅಂದ್ಕೊಂಡೆ. ಹೊಸ ಮನೆ ಆಸೆಗೆ ಒಡೀತಿದೀಯ ಅಂತ. ಅದು ಒಡೆದಾಗೆಲ್ಲ ನಾನು ಮೆತ್ತಿದೆ. ನಾಲ್ಕು ಸಲ."

ತಸ್ಸಾದಿತ್ ಬೈಯಲಿಲ್ಲ. ಬೈದಿದ್ದರೆ ನಫೀಸಾಗೆ ಎಷ್ಟೋ ಹಗುರವಾಗುತ್ತಿತ್ತು. ಎಣ್ಣೆ ಡಬ್ಬ ಕೆಳಗಿಟ್ಟು ಚಿಕ್ಕವಳನ್ನು ಸೊಂಟಕ್ಕೆತ್ತಿಕೊಂಡಳು.

"ಪಟ್ಟಿ ಗಟ್ಟಿ ಇದೆ ಅಂತ," ಎಂದಳು ನಿಧಾನವಾಗಿ, "ಚಳಿಗಾಲದಲ್ಲಿ ಮಕ್ಕಳ ಹಾಸಿಗೆನ ಆ ಗೋಡೆಗೇ ಒತ್ತಿ ಹಾಕಿದೆ. ಆ ಕಡೆ ಗಾಳಿ ಬರಲ್ಲ ಅಂತ. ಅದನ್ನ ನಂಬ್ಕೊಂಡು ಹಾಕಿದೆ ಖಾಲ್ತಿ."

ನಫೀಸಾ ಹೊಸ್ತಿಲು ದಾಟಿ ಓಣಿಗೆ ಬಂದು, ಫುಆದನನ್ನು ಕರೆತರಲು ಅರೆಜ್ಕಿಯನ್ನು ಕಚೇರಿಗೆ ಕಳಿಸಿದಳು.

ಮಧ್ಯಾಹ್ನದ ಹೊತ್ತಿಗೆ ಫುಆದ್ ಬಂದ. ಒಬ್ಬನೇ ಒಳಗೆ ಹೋಗಿ, ಸುಣ್ಣದಂಥ ಮುಖ ಹೊತ್ತು ಬೇಗನೆ ಹೊರಗೆ ಬಂದ. ಓಣಿಯ ಕಟ್ಟೆಯ ಮೇಲೆ ಕೂತು ಕಡತ ಬಿಚ್ಚಿ ಕೇಳಿದ.

"ಮೊದಲು ಸೀಳಿದ್ದು ಯಾವಾಗ ಹಾಜ್ಜಾ?"

"ಅಕ್ಟೋಬರ್ ಹನ್ನೊಂದು."

ಬರೆಯುತ್ತಿದ್ದ ಕೈ ನಿಂತಿತು. "ಅವತ್ತು ಎಷ್ಟು ದಪ್ಪ ಇತ್ತು?"

"ಒಂದು ಕೂದಲು."

"ಕೂದಲು!" ಅವನು ತಲೆ ಹಿಡಿದುಕೊಂಡ. "ಒಡೀಲಿ ಅಂತಾನೇ ಅಲ್ವಾ ಅದನ್ನ ಹಾಕೋದು? ಮೊದಲನೇ ಗೀರು ಬಿದ್ರೆ ಗೋಡೆಗೆ ಆಸರೆ ಕೊಡೋ ಊರೆಗಂಬಕ್ಕೆ ತುರ್ತುನಿಧಿ ಇದೆ. ಅದಕ್ಕೆ ಯಾರ ರುಜೂನೂ ಬೇಡ. ಆ ಪಾಳುಮನೆ ಒಳಕ್ಕೂ ನುಗ್ಗಿ ಗೋಡೆಗೆ ಮರದ ಆಸರೆ ಕೊಟ್ಟು, ನೀರು ಹೊರಗೆ ಹೋಗೋ ಹಾಗೆ ಮಾಡಿರ್ತಿದ್ದೆ. ವಾರದ ಕೆಲಸ. ಆಮೇಲೆ ನಿಮ್ಮ ದುರಸ್ತಿ ಹಣ ಅದರ ಪಾಡಿಗೆ ಅದು ಬರ್ತಿತ್ತು."

"ಒಡೆದ್ರೆ ಕೆಂಪು ಹಾಕ್ತಾರೆ ಅಂತ..."

"ಯಾರು ಹೇಳಿದ್ರು?"

"ಎಲ್ಲಾರೂ." ನಫೀಸಾ ತಲೆಯೆತ್ತಿ ಅವನನ್ನು ನೋಡಿದಳು. "ನೀನೂ ಏನೂ ಹೇಳಲಿಲ್ಲವಲ್ಲ ಮಗ."

ಫುಆದ್ ಕಡತ ಮುಚ್ಚಿದ.

"ಈಗ ಹಾಕ್ಸು ಕಂಬ," ಎಂದು ಅವನ ತೋಳು ಹಿಡಿದಳು. "ನಿನ್ನ ಕಾಲಿಗೆ ಬೀಳ್ತೀನಿ. ಏಳು ರುಜು ತಂದಿದೀನಪ್ಪ, ಮೂರು ವರ್ಷ..."

"ಈಗ ಮರ ತಾಗಿಸಿದ್ರೇ ಬಿದ್ದುಬಿಡತ್ತೆ ಹಾಜ್ಜಾ."

ಪೆಟಾರಿ ತರುವುದಕ್ಕೂ ಅವಳನ್ನು ಒಳಗೆ ಬಿಡಲಿಲ್ಲ. ಮಂಜೂರಾತಿಯ ಕಾಗದ ಅದರೊಳಗೇ ಉಳಿಯಿತು. ಬಾಗಿಲಿಗೆ ಕೆಂಪು ಬಿತ್ತು. ಕತ್ತೆಗಳು ಇಟ್ಟಿಗೆ ಹೊತ್ತು ಮೆಟ್ಟಿಲೋಣಿ ಹತ್ತಿ ಬಂದವು. ಗಾರೆಯವನು ಸಾಲಿನ ಮೇಲೆ ಸಾಲು ಇಡುತ್ತಿದ್ದಂತೆ ಅಂಗಳ ಮೊದಲು ಮೊಣಕಾಲಿನವರೆಗೆ ಮರೆಯಾಯಿತು, ಆಮೇಲೆ ಎದೆಯವರೆಗೆ, ಆಮೇಲೆ ಪೂರ್ತಿ. ತಸ್ಸಾದಿತ್ ಮಕ್ಕಳನ್ನು ಕರೆದುಕೊಂಡು ಲಾರಿ ನಿಂತ ಕಡೆಗೆ ಇಳಿದುಹೋದಳು. ಹೋಗುವಾಗ ತಿರುಗಿ ನೋಡಲಿಲ್ಲ.

ಕೊನೆಯ ಇಟ್ಟಿಗೆ ಕೂತ ಮೇಲೆ ಫುಆದ್ ಬಲಬದಿಯ ಮನೆಯ ಗೋಡೆಯನ್ನು ಮುಟ್ಟಿ ನೋಡಿ, "ಈ ಕಡೆ ಮನೆಗೂ ಒಂದು ಪಟ್ಟಿ ಹಾಕ್ಬೇಕು. ಗಾರೆಪುಡಿ ಇದೆಯಾ?" ಎಂದು ಕೇಳಿದ.

"ಬರೀ ಸಿಮೆಂಟ್ ತಂದಿದೀನಿ ಸಾಹೇಬ್ರೆ," ಎಂದ ಗಾರೆಯವನು.

ನಫೀಸಾ ಶಾಲಿನೊಳಗಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಕೊಟ್ಟಳು. ಮನೆಯಿಂದ ಹೊರಬರುವಾಗ ಅವಳ ಕೈಯಲ್ಲಿದ್ದದ್ದು ಅದೊಂದೇ. ಫುಆದ್ ಅವಳ ಮುಖ ನೋಡದೆ ಕಲಸಿ, ಮೆತ್ತಿ, ಮೊಳೆಯ ತುದಿಯಿಂದ ತಾರೀಕು ಗೀರಿದ. ಪಕ್ಕದ ಮನೆಯ ಮುದುಕಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅದು ಒಡೆದ್ರೆ ಹೇಳಮ್ಮ," ಎಂದಳು ನಫೀಸಾ ಅವಳಿಗೆ. "ಕೂದಲೆಳೆಯಷ್ಟು ಗೀರು ಬಿದ್ರೂ ಓಡಿಹೋಗಿ ಹೇಳು."

ಮುದುಕಿ ಹೂಂಗುಟ್ಟಿದಳು. ಆದರೆ ಅವಳ ಕಣ್ಣು ನೆಟ್ಟಿದ್ದು ಪಟ್ಟಿಯ ಮೇಲಲ್ಲ, ಫುಆದನ ಕೈಯಲ್ಲಿದ್ದ ಡಬ್ಬಿಯ ಮೇಲೆ. ಅದರಲ್ಲಿ ಇನ್ನೂ ಎರಡು ಪಟ್ಟಿಗೆ ಆಗುವಷ್ಟು ಪುಡಿ ಉಳಿದಿತ್ತು.