ಸ್ವಿಚ್ಚಿನ ಜಾಗ

ಅವಳ ತಮ್ಮ ಲಾರಿಯ ಎಡಗಡೆಯ ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ತಿರುಗಿಸಿದ. ಬಲಗಡೆಯ ಚಕ್ರ ತನ್ನಷ್ಟಕ್ಕೆ ಹಿಂದಕ್ಕೆ ತಿರುಗಿತು.

“ನೋಡಿದ್ರಾ ಭಾವ? ಜಗಳ ಆಡಿದ ಗಂಡ ಹೆಂಡತಿ ಥರ. ಒಬ್ರು ಹಿಂಗೆ ಅಂದ್ರೆ ಇನ್ನೊಬ್ರು ಹಂಗೆ.”

ಭಾವ ನಗಲಿಲ್ಲ. ಲಾರಿಯ ಹಿಂಭಾಗವನ್ನು ಎರಡು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಅವನು ಅದರ ಪಕ್ಕದಲ್ಲಿ ಎಡಗೈಯನ್ನು ಕೋಟಿನ ಜೇಬಿನೊಳಗಿಟ್ಟು, ಬಲಗೈಯಲ್ಲಿ ಚಹದ ಲೋಟ ಹಿಡಿದು ನಿಂತಿದ್ದ. ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಎಣ್ಣೆ ಡ್ರಮ್ಮಿನೊಳಗೆ ಕಟ್ಟಿಗೆ ಉರಿಯುತ್ತಿತ್ತು. ಅದರ ಹತ್ತಿರ ಮಡಚುವ ಕುರ್ಚಿಯ ಮೇಲೆ ಅವಳು, ಒಬ್ಬನ ಅಕ್ಕ, ಇನ್ನೊಬ್ಬನ ಹೆಂಡತಿ, ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಮ್ಮನಿಗೆಂದು ತಂದ ಡಬ್ಬಿ. ಕೊಟ್ಟರಾಯಿತು ಎಂದುಕೊಂಡು ಹಾಗೇ ಕೂತುಬಿಟ್ಟಿದ್ದಳು.

“ಇದರ ಬುದ್ಧೀನೇ ಅಷ್ಟು,” ಎಂದು ತಮ್ಮ ಆಕ್ಸಲ್ಲಿನ ನಡುವೆ ಇರುವ ಕಬ್ಬಿಣದ ಗುಂಡನ್ನು ಸ್ಪಾನರಿನಿಂದ ತಟ್ಟಿದ. “ಡಿಫರೆನ್ಷಿಯಲ್ ಅಂದ್ರೆ ನನ್ನ ಹಾಗೆ, ಮಹಾ ಸೋಮಾರಿ. ಯಾವ ಚಕ್ರಕ್ಕೆ ಕೆಲಸ ಕಮ್ಮೀನೋ ಆ ಕಡೆಗೇ ಬಲ ಎಲ್ಲ ಕೊಡುತ್ತೆ. ಒಂದು ಚಕ್ರ ಮಂಜಿನ ಮೇಲೆ ಜಾರ್ತಾ ಇದ್ರೆ, ಗಟ್ಟಿ ನೆಲದ ಮೇಲಿರೋದು ಸುಮ್ನೆ ನಿಂತಿರುತ್ತೆ. ಜಾರೋದು ಗರಗರ ಸುತ್ತುತ್ತೆ.”

“ಗೊತ್ತು,” ಎಂದ ಭಾವ.

ಅವನಿಗೆ ಗೊತ್ತಿತ್ತು. ಕಳೆದ ಚಳಿಗಾಲದ ಕೊನೆಯಲ್ಲಿ, ಬೆಟ್ಟದ ಮೇಲಿನ ಊರುಗಳಿಗೆ ಗ್ಯಾಸ್ ಸಿಲಿಂಡರು, ಹಿಟ್ಟಿನ ಮೂಟೆ ಇಳಿಸಿ ಬರುವಾಗ, ಸೇತುವೆ ದಾಟಿದ ತಿರುವಿನಲ್ಲಿ ಹೀಗೇ ಒಂದು ಚಕ್ರ ಸುತ್ತಿತ್ತು. ಆ ದಾರಿಯ ಡ್ರೈವರುಗಳೆಲ್ಲ ಮಾಡುವುದನ್ನೇ ಅವನೂ ಮಾಡಿದ. ಚಕ್ರದ ಕೆಳಗೆ ಹಿಡಿತಕ್ಕೆಂದು ಖಾಲಿ ಗೋಣಿಚೀಲ ತುರುಕಿದ. ಆಮೇಲೆ ಕಾಲಡಿಯ ರಬ್ಬರ್ ಚಾಪೆ. ಇನ್ನು ಒಂದು ಗೇಣು ಮುಂದೆ ಹೋದರೆ ಸಾಕು ಎನಿಸಿದಾಗ ಕೈಗವುಸುಗಳನ್ನೂ ಕಳಚಿ ಇಟ್ಟ. ಚಕ್ರ ಅವನ್ನು ಒಂದು ಸುತ್ತು ಒಳಗೆಳೆದುಕೊಂಡು ಹಿಂದಕ್ಕೆ ಉಗುಳಿತು. ಎರಡೂ ಕಣಿವೆಗೆ ಬಿದ್ದವು. ಮಂಜು ತೆಗೆಯುವ ಗಾಡಿ ಬರುವವರೆಗೂ ಅವನು ಬರಿಗೈಯಲ್ಲಿ ಸಲಿಕೆ ಹಿಡಿದು ಅಗೆಯುತ್ತಲೇ ಇದ್ದನಂತೆ. ಚಳಿಗೆ ಎರಡೂ ಕೈ ಮರಗಟ್ಟಿದ್ದವು. ಬೆರಳುಗಳು ಉಳಿದವು, ಅದೃಷ್ಟ ಎಂದರು ಡಾಕ್ಟರು. ಬಲಗೈ ಬೇಗ ಸರಿಯಾಯಿತು. ಎಡಗೈಗೆ ಸ್ಪರ್ಶ ಬರಬಹುದು, ಕಾಯಬೇಕು ಎಂದರು. ಬೇಸಿಗೆಯ ಹೊತ್ತಿಗೆ ಕೇಳಿದವರಿಗೆಲ್ಲ ಅವನು “ಎಲ್ಲ ಸರಿಹೋಗಿದೆ” ಎಂದು ಹೇಳತೊಡಗಿದ. ಅವಳಿಗೂ ಹಾಗೆಯೇ ಹೇಳಿದ.

ಆದರೆ ಪುಟ್ಟಿಯ ಜಡೆ ಹೆಣೆಯುವುದನ್ನು ಬಿಟ್ಟಿದ್ದ. ಮೊದಲು ಅದು ಅವನದೇ ಕೆಲಸವಾಗಿತ್ತು. ಹಗ್ಗ ಬಿಗಿಯುವವನ ಕೈ, ಅವನು ಹೆಣೆದ ಜಡೆ ಸಂಜೆಯವರೆಗೂ ಸಡಿಲವಾಗುತ್ತಿರಲಿಲ್ಲ. ಈಗ ಮಗಳು ಬಾಚಣಿಗೆ ಹಿಡಿದು ಹತ್ತಿರ ಬಂದರೆ “ಅಮ್ಮನ ಹತ್ರ ಹೋಗು, ನಂಗೆ ಹೊತ್ತಾಯ್ತು” ಎನ್ನುತ್ತಿದ್ದ. ಹೊತ್ತಾಗದ ದಿನವೂ.

ಇವತ್ತು ಬೆಳಗ್ಗೆ ಒಲೆಯ ಮೇಲೆ ಹಾಲು ಉಕ್ಕಿ ಬಂದಾಗ, ಹತ್ತಿರವಿದ್ದ ಅವನು ಎಡಗೈಯಲ್ಲಿ, ಬಟ್ಟೆಯಿಲ್ಲದೆ, ಪಾತ್ರೆಯ ಅಂಚು ಹಿಡಿದು ಇಳಿಸಿದ. ಅವಸರವೇ ಇಲ್ಲದೆ ಪುಟ್ಟಿಯ ಲೋಟಕ್ಕೆ ಬಗ್ಗಿಸಿದ. ಪಾತ್ರೆಯನ್ನು ಕೆಳಗಿಟ್ಟು ಕೋಟು ತರಲು ಹೋದ. ಹಿಟ್ಟಿನ ಕೈಯಲ್ಲಿ ನಿಂತಿದ್ದ ಅವಳು ನೋಡಿದಳು. ಅವಳಿಗೆ ಭಯವಾಗಬೇಕಿತ್ತು, ಅಳು ಬರಬೇಕಿತ್ತು. ಎರಡೂ ಬರಲಿಲ್ಲ. ಕೈ ತೊಳೆದುಕೊಂಡು, ಪಾತ್ರೆ ಇಳಿಸುವ ಬಟ್ಟೆಯನ್ನು ಒಲೆಗೆ ಇನ್ನಷ್ಟು ಹತ್ತಿರ ತೂಗುಹಾಕಿದಳು. ಆಮೇಲೆ “ನಾನೂ ಗ್ಯಾರೇಜಿಗೆ ಬರ್ತೀನಿ, ತಮ್ಮನ ಮುಖ ನೋಡಿ ತುಂಬ ದಿನ ಆಯ್ತು” ಎಂದಳು.

ಮೊದಲ ಮಂಜು ಬೀಳುವುದರೊಳಗೆ ಲಾರಿ ಸಜ್ಜಾಗದಿದ್ದರೆ ಚಳಿಗಾಲದ ಸಾಗಣೆಯನ್ನು ಬೇರೆಯವರಿಗೆ ಕೊಡುವುದಾಗಿ ಗೋದಾಮಿನವರು ಹೇಳಿದ್ದರು. ಒಂದು ಸಲ ಕೈಬಿಟ್ಟುಹೋದ ದಾರಿ ಮತ್ತೆ ಸಿಗುವುದಿಲ್ಲ.

“ಎರಡೂ ಚಕ್ರಕ್ಕೆ ಬಲ ಹೋಗೋ ಹಾಗೆ ಮಾಡೋಕೆ ಮೂರು ಥರ ಇದೆ ಭಾವ,” ತಮ್ಮ ಕೈ ಒರೆಸಿಕೊಳ್ಳುತ್ತ ಎದ್ದ. “ಒಂದರಲ್ಲಿ ಒಳಗೆ ತಟ್ಟೆ ಇರ್ತವೆ. ಉಜ್ಜಿ ಉಜ್ಜಿ ಎರಡೂ ಚಕ್ರಕ್ಕೆ ಸ್ವಲ್ಪ ಸ್ವಲ್ಪ ಬಲ ಹಂಚುತ್ತೆ. ಕೆಸರಿಗೆ ಸಾಕು. ಒಂದು ಚಕ್ರ ಗಾಳೀಲಿ ನಿಂತ್ರೆ ಮಾತ್ರ ಅದೂ ಕೈ ಎತ್ತುತ್ತೆ. ನಿಮ್ಮ ಬೆಟ್ಟಕ್ಕೆ ಬೇಡ.”

“ಆಮೇಲೆ?”

“ಎರಡನೇದು ತಾನೇ ಲಾಕ್ ಆಗೋದು. ಯಾವಾಗ್ಲೂ ಎರಡು ಚಕ್ರಾನೂ ಕಟ್ಟಿ ಹಾಕಿರುತ್ತೆ. ತಿರುವಿನಲ್ಲಿ ಮಾತ್ರ ಟಕ್ ಟಕ್ ಅಂತ ಬಿಟ್ಕೊಳ್ಳುತ್ತೆ. ನೀವೇನೂ ಮಾಡಬೇಕಾಗಿಲ್ಲ. ಮೂರನೇದು ಸ್ವಿಚ್ಚಿಂದು. ಬೇಕಾದಾಗ ಒತ್ತಿದ್ರೆ ಪೈಪಿನಲ್ಲಿ ಗಾಳಿ ನುಗ್ಗಿ ಲಾಕ್ ಆಗುತ್ತೆ, ಮಂಜು ದಾಟಿದ ಮೇಲೆ ಬಿಡಿಸಬೇಕು. ನನ್ನ ಕೇಳಿದ್ರೆ ಸ್ವಿಚ್ಚಿಂದೇ ಹಾಕ್ಸಿ.”

“ತಾನೇ ಆಗೋದರಲ್ಲಿ ಏನು ತೊಂದ್ರೆ?” ಭಾವ ಬೇಗ ಕೇಳಿದ.

“ಸೇತುವೆ ಆಚೆ ರಸ್ತೆ ಕಣಿವೆ ಕಡೆಗೆ ವಾಲಿದೆಯಲ್ಲ. ಗಟ್ಟಿ ಮಂಜಿನ ಮೇಲೆ ಎರಡೂ ಚಕ್ರ ಒಟ್ಟಿಗೆ ಸುತ್ತಿದ್ರೆ, ಲಾರಿ ಹಿಂದಿನ ಭಾಗ ಪಕ್ಕಕ್ಕೆ ಜಾರುತ್ತೆ. ಕಣಿವೆ ಕಡೆಗೇ. ಅಲ್ಲಿ ಬಿಚ್ಚಿರಬೇಕು, ಏರಿನಲ್ಲಿ ಕಟ್ಟಬೇಕು. ಅದನ್ನ ಯಂತ್ರ ಹೇಳಲ್ಲ, ದಾರಿ ಗೊತ್ತಿದ್ದೋರೇ ಹೇಳಬೇಕು.”

ಅವಳು ಎದ್ದು ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು. “ಒತ್ತೋದು ಯಾವಾಗ? ಸಿಕ್ಕಿಕೊಂಡ ಮೇಲಾ?”

“ಅಲ್ಲಕ್ಕ, ಸಿಕ್ಕಿಕೊಳ್ಳೋಕೆ ಮುಂಚೆ. ಚಕ್ರ ಜೋರಾಗಿ ಸುತ್ತುವಾಗ ಒತ್ತಿದ್ರೆ ಒಳಗಿನ ಹಲ್ಲು ಮುರಿದು ಪುಡಿ ಆಗುತ್ತೆ. ಎದುರಿಗೆ ಮಂಜು ಕಂಡ ಕೂಡ್ಲೆ, ನಿಧಾನ ಮಾಡಿ, ಒಂದೇ ಸಲ. ಕಣ್ಣು ರಸ್ತೆ ಬಿಡಬಾರ್ದು.” ಅವನು ಭಾವನ ಕಡೆ ತಿರುಗಿ ಹುಬ್ಬು ಹಾರಿಸಿದ. “ಹತ್ತಿ ಭಾವ, ಜಾಗ ಗುರುತು ಮಾಡೋಣ.”

ಸ್ವಿಚ್ಚು ಕೂರಿಸುವುದರಲ್ಲಿ ತಮ್ಮನದೊಂದು ಪದ್ಧತಿಯಿತ್ತು. ಯಾವ ಗಾಡಿಯೇ ಬರಲಿ, ಮೊದಲು ಡ್ರೈವರನ್ನು ಸೀಟಿನಲ್ಲಿ ಕೂರಿಸಿ ಕಣ್ಣು ಮುಚ್ಚಿಸುತ್ತಿದ್ದ. “ಸ್ವಿಚ್ಚು ಒತ್ತಿ” ಎನ್ನುತ್ತಿದ್ದ. ಇಲ್ಲದ ಸ್ವಿಚ್ಚಿಗಾಗಿ ಆ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದ. ಬೇರೆಯವರು ತಮಗೆ ಅನುಕೂಲವಾದಲ್ಲಿ ತೂತು ಕೊರೆಯುತ್ತಾರೆ, ನಾನು ಕೈ ಹೇಳಿದಲ್ಲಿ ಕೊರೆಯುತ್ತೇನೆ ಎಂದು ಅವನಿಗೆ ಜಂಭ.

ಗಂಡ ಸೀಟಿಗೆ ಹತ್ತಿದ. ಅವಳು ಆ ಕಡೆಯ ಬಾಗಿಲಿನಿಂದ ಹತ್ತಿ ಪಕ್ಕದಲ್ಲಿ ಕೂತಳು. ತಮ್ಮ ಡ್ರೈವರಿನ ಬಾಗಿಲಿನ ಮೆಟ್ಟಿಲ ಮೇಲೆ ನಿಂತು ಒಳಗೆ ಬಾಗಿದ.

“ಕಣ್ಣು ಮುಚ್ಚಿ. ಅಕ್ಕ ಪಕ್ಕದಲ್ಲಿದಾಳೆ ಅಂತ ಕದ್ದು ನೋಡಬಾರ್ದು, ಮತ್ತೆ.”

ಗಂಡ ಕಣ್ಣು ಮುಚ್ಚಿದ. ಜೇಬಿನಿಂದ ಎಡಗೈ ಹೊರಗೆ ಬಂತು. ಗೇರಿನ ಕೋಲಿನ ಮೇಲೆ ಅಂಗೈ ಊರಿ, ಅಲ್ಲಿಂದ ಸ್ವಲ್ಪ ಮುಂದೆ ಹೋಗಿ ನಿಂತಿತು. ಭುಜಕ್ಕೆ ಜಾಗ ಗೊತ್ತಿತ್ತು. ತಮ್ಮ ಸೀಮೆಸುಣ್ಣದಿಂದ ಸಣ್ಣ ಸುತ್ತು ಬರೆದ. ಆಮೇಲೆ ತನ್ನ ಪರೀಕ್ಷೆಯ ಮರದ ತುಂಡನ್ನು ಆ ಗುರುತಿನ ಮೇಲೆ ಟೇಪು ಸುತ್ತಿ ನಿಲ್ಲಿಸಿದ. ಅದರ ಮೇಲೊಂದು ಸ್ವಿಚ್ಚು, ಒಂದು ಚಿಕ್ಕ ಕೆಂಪು ಬಲ್ಬು.

“ಈಗ ಒತ್ತಿ.”

ಬೆರಳು ಸ್ವಿಚ್ಚಿನ ಪಕ್ಕದ ಮರದ ಮೇಲೆ ಬಿತ್ತು. ಒತ್ತಿತು.

“ಆಯ್ತು,” ಎಂದ ಗಂಡ.

ಬಲ್ಬು ಹೊತ್ತಲಿಲ್ಲ.

“ಇನ್ನೊಂದ್ಸಲ ಭಾವ.”

“ಒತ್ತಿದೆನಲ್ಲ. ಮತ್ತೆ ನೋಡು.” ಅವನು ಇನ್ನೂ ಜೋರಾಗಿ ಒತ್ತಿದ. ಉಗುರು ಬೆಳ್ಳಗಾಯಿತು. ಬರಿಯ ಮರವನ್ನು ಅವನು ಒತ್ತುತ್ತಲೇ ಇದ್ದ. “ಗಟ್ಟಿ ಇದೆ ನಿನ್ನ ಸ್ವಿಚ್ಚು. ಒಳ್ಳೇದೇ.”

ತಮ್ಮ ಅಕ್ಕನ ಮುಖ ನೋಡಿದ. ಅವನ ಬಾಯಿಯಲ್ಲಿ ಸಿದ್ಧವಾಗಿದ್ದ ತಮಾಷೆ ಅಲ್ಲಿಯೇ ನಿಂತುಹೋಯಿತು. ಸ್ವಿಚ್ಚು ಅವಳ ಕೈಗೆಟುಕುವಷ್ಟು ಹತ್ತಿರವಿತ್ತು. ಅವಳು ಮೆಲ್ಲಗೆ ಒತ್ತಿಬಿಟ್ಟಿದ್ದರೆ ಬಲ್ಬು ಹೊತ್ತುತ್ತಿತ್ತು, ಅವನು ಕಣ್ಣು ಬಿಟ್ಟು ನೋಡಿ ಇಳಿದು ಹೋಗುತ್ತಿದ್ದ. ಅವಳ ಕೈ ತೊಡೆಯ ಮೇಲಿಂದ ಏಳಲಿಲ್ಲ.

“ರೀ, ಕಣ್ಣು ಬಿಡಿ,” ಎಂದಳು.

ಅವನು ಕಣ್ಣು ಬಿಟ್ಟು ತನ್ನ ಬೆರಳನ್ನು ನೋಡಿದ. ಅದು ಬೇರೆ ಯಾರದೋ ಎಂಬಂತೆ ಬಹಳ ಹೊತ್ತು ನೋಡಿದ. ಡ್ರಮ್ಮಿನೊಳಗೆ ಕಟ್ಟಿಗೆಯೊಂದು ಮುರಿದು ಕುಸಿದ ಸದ್ದಾಯಿತು.

“ಎಷ್ಟು ದಿನದಿಂದ ಭಾವ?”

“ಅವತ್ತಿಂದ.”

“ನಂಗಾದ್ರೂ ಒಂದು ಮಾತು ಹೇಳಬಾರ್ದಿತ್ತಾ?”

“ಏನಂತ ಹೇಳ್ಲೋ? ನೋವಿದ್ರೆ ನೋವು ಅಂತ ಹೇಳಬಹುದು. ಇಲ್ಲಿ ಏನೂ ಇಲ್ಲ. ಏನೂ ಇಲ್ಲ ಅನ್ನೋದನ್ನ ಹೆಂಗೆ ಹೇಳೋದು?”

“ಬೆಳಗ್ಗೆ ಹಾಲಿನ ಪಾತ್ರೇನ ಬರಿಗೈಲಿ ಇಳಿಸಿದ್ರಿ,” ಎಂದಳು ಅವಳು.

ಅವನು ಅಂಗೈ ತಿರುಗಿಸಿದ. ಬೆರಳುಗಳ ಬುಡದಲ್ಲಿ ಸಾಲಾಗಿ ಬೊಬ್ಬೆ ಎದ್ದಿತ್ತು. ಅದನ್ನೂ ಅವನು ಈಗಲೇ ನೋಡುತ್ತಿದ್ದ.

“ತಾನೇ ಆಗೋದನ್ನೇ ಹಾಕಿಬಿಡು,” ಎಂದ ಕೊನೆಗೆ, ಕೈಯನ್ನು ಮತ್ತೆ ಜೇಬಿಗೆ ಹಾಕುತ್ತ. “ಒತ್ತೋ ಗೊಡವೆ ಬೇಡ.”

“ಹಾಕಲ್ಲ.” ತಮ್ಮ ಮೆಟ್ಟಿಲಿನಿಂದ ಇಳಿದುಬಿಟ್ಟ. “ನನ್ನ ಕೈಯಾರೆ ಅಕ್ಕನ ಗಂಡನ್ನ ಕಣಿವೆಗೆ ನೂಕಲ್ಲ. ಬೇಕಾದ್ರೆ ಬೇರೆ ಗ್ಯಾರೇಜಿಗೆ ಹೋಗಿ.”

“ಗೇರು ಹಾಕೋದಿಲ್ವಾ ಇದೇ ಕೈಯಲ್ಲಿ? ಬೇಸಿಗೆ ಪೂರ್ತಿ ಓಡಿಸಿದೀನಿ.”

“ಗೇರಿನ ಕೋಲು ಮೊಳ ಉದ್ದ ಇದೆ ಭಾವ, ಭುಜದಿಂದ್ಲೇ ತಳ್ಳಬಹುದು. ಇದು ಬೆರಳ ತುದಿ ಕೆಲಸ. ಆ ದಾರೀಲಿ ಬಲಗೈ ಸ್ಟೇರಿಂಗ್ ಬಿಡೋ ಹಾಗಿಲ್ಲ.”

ಇಬ್ಬರು ಗಂಡಸರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ಅವಳು ಸೀಟಿನಲ್ಲಿ ನೆಟ್ಟಗೆ ಕೂತು ಕಣ್ಣು ಮುಚ್ಚಿದಳು. ಲಾರಿಯೊಳಗಿನ ವಾಸನೆ ಮೂಗಿಗೆ ಬಂತು. ಡೀಸೆಲ್ಲು, ಹಿಟ್ಟಿನ ಧೂಳು, ಅವನ ಕೋಟು. ಬಲಗೈಯನ್ನು ಮುಂದಕ್ಕೆ ಚಾಚಿದಳು. ಅದು ತನ್ನೆದುರಿನ ಡ್ಯಾಷ್‌ಬೋರ್ಡಿಗೆ ತಾಗಿ ನಿಂತಿತು.

“ಗುರುತು ಹಾಕೋ,” ಎಂದಳು.

“ಏನಕ್ಕ?”

“ಕೈ ಹೇಳಿದಲ್ಲಿ ಕೊರೀತೀನಿ ಅಂತೀಯಲ್ಲ. ಹಾಕು.”

“ತಲೆ ಕೆಟ್ಟಿದೆಯಾ ನಿಂಗೆ?” ಗಂಡ ಕೇಳಿದ. ಸಿಟ್ಟಿರಬೇಕಾದ ಮಾತಿನಲ್ಲಿ ಸಿಟ್ಟಿರಲಿಲ್ಲ. “ಆ ದಾರಿಗೆ ನಿನ್ನ ಕರ್ಕೊಂಡು ಹೋಗೋದಾ? ಪುಟ್ಟಿ ಇದಾಳೆ ಮನೇಲಿ.”

“ಇದಾಳೆ. ಅದಕ್ಕೇ ಹೇಳ್ತಿರೋದು. ಮಂಜಿನ ದಿನ ಮಾತ್ರ ನಾನು ಬರ್ತೀನಿ. ಸ್ಕೂಲು ಬಿಟ್ಟ ಮೇಲೆ ಅವಳು ಮಾವನ ಗ್ಯಾರೇಜಿಗೆ ಬರ್ಲಿ.”

“ಬರ್ಲಿ, ಬರ್ಲಿ,” ಎಂದ ತಮ್ಮ, ಏನಾದರೂ ಹೇಳಲು ಸಿಕ್ಕಿದ್ದಕ್ಕೆ ಬದುಕಿಕೊಂಡವನಂತೆ. “ಸ್ಪಾನರು ಹಿಡಿಯೋದು ಕಲಿಸ್ತೀನಿ. ನಿಮ್ಮಿಬ್ರಿಗಿಂತ ಅವಳೇ ವಾಸಿ.”

“ದಾರಿ ನಂಗೆ ಗೊತ್ತಿಲ್ಲ,” ಅವಳು ಕಣ್ಣು ತೆರೆಯದೆ ಗಂಡನಿಗೆ ಹೇಳಿದಳು. “ನೀವು ಬಾಯಿಬಿಟ್ಟು ಹೇಳಬೇಕು. ಹೇಳ್ದಿದ್ರೆ ನಂಗೆ ಗೊತ್ತಾಗಲ್ಲ ರೀ.”

ಅವನು ಬೇಡ ಎನ್ನಲಿಲ್ಲ. ತಮ್ಮ ಲಾರಿಯ ಮುಂದಿನಿಂದ ಸುತ್ತಿ ಅವಳ ಬಾಗಿಲಿಗೆ ಬಂದ. ಅವಳ ತೋರುಬೆರಳನ್ನು ಪುಟ್ಟ ಮಗುವಿನದೆಂಬಂತೆ ಮೆಲ್ಲಗೆ ಎತ್ತಿ, ಅದಿದ್ದ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು ಎಳೆದ. ಮರದ ತುಂಡನ್ನು ಬಿಚ್ಚಿ, ಗೇರಿನ ಹತ್ತಿರದ ಹಳೆಯ ಗುರುತನ್ನು ಒರೆಸಲು ಬಟ್ಟೆ ತೆಗೆದವನು ಭಾವನ ಮುಖ ನೋಡಿ ಬಟ್ಟೆಯನ್ನು ಮತ್ತೆ ಜೇಬಿಗಿಟ್ಟುಕೊಂಡ.

ಸಾಮಾನು ಬರಲು ಇನ್ನೊಂದು ವಾರ ಬೇಕಿತ್ತು. ಜಾಕು ಇಳಿಸಿ, ಅವಳ ಡಬ್ಬಿ ತೆರೆದು, “ಉಪ್ಪು ಕಮ್ಮಿ” ಎಂದು ದೂರು ಹೇಳುತ್ತಲೇ ಪೂರ್ತಿ ತಿಂದು ಮುಗಿಸಿ, ತಮ್ಮ ಅವರನ್ನು ಗೇಟಿನವರೆಗೆ ಬಂದು ಕಳಿಸಿದ.

ರಸ್ತೆ ಒಣಗಿತ್ತು. ಮನೆಗಳ ಮುಂದೆ ಹಗ್ಗದ ಮೇಲೆ ಬಟ್ಟೆಗಳು ಚಳಿಗೆ ಸೆಟೆದು ನಿಂತಿದ್ದವು. ಪುಟ್ಟಿಯ ಸ್ವೆಟರಿನ ಮೊಣಕೈ ಹೊಲಿಯಬೇಕು ಎಂದು ಅವಳಿಗೆ ನೆನಪಾಯಿತು. ನೆನಪಾಗಿ ಹೋಯಿತು. ಗಂಡ ಎರಡು ಕೈಯಲ್ಲಿ ಸ್ಟೇರಿಂಗ್ ಹಿಡಿದು ಎದುರು ನೋಡುತ್ತಿದ್ದ. ಎಡಗೈ ಈಗ ಜೇಬಿನೊಳಗಿರಲಿಲ್ಲ. ಎಲ್ಲರಿಗೂ ಕಾಣುವಂತೆ ಮೇಲೆಯೇ ಇತ್ತು.

ಹಾಲಿನ ಡೇರಿ ದಾಟಿದರೆ ಸಣ್ಣದೊಂದು ಏರು. ಲಾರಿ ಅಲ್ಲಿಗೆ ಬಂದಾಗ ಅವನು ವೇಗ ಕಡಿಮೆ ಮಾಡಿದ. ಯಾಕೆಂದು ಅವಳು ತಿರುಗಿ ನೋಡಿದಳು. ಅವನ ಕಣ್ಣು ರಸ್ತೆಯ ಮೇಲೇ ಇತ್ತು.

“ಈಗ,” ಎಂದ.

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಕೈ ಚಾಚಿ, ಸೀಮೆಸುಣ್ಣದ ಸುತ್ತಿನ ಮಧ್ಯೆ, ಏನೂ ಇಲ್ಲದ ಜಾಗವನ್ನು ಒತ್ತಿದಳು.

ಲಾರಿ ಏರು ಹತ್ತಿತು. ಮೇಲೆ ರಸ್ತೆ ಸಮನಾಗಿ, ಎಡಕ್ಕೆ, ಅವರ ಬೀದಿಯ ಕಡೆಗೆ ತಿರುಗುತ್ತಿತ್ತು.

“ಬಿಡು,” ಎಂದ.

ಅವಳು ಕೈ ತೆಗೆದಳು. ಬೆರಳ ತುದಿಯಲ್ಲಿ ಬಿಳಿಯ ಪುಡಿ ಅಂಟಿತ್ತು. ಅದನ್ನು ಒರೆಸದೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.